ಕಾಂತಕ್ಷೇತ್ರದಲ್ಲಿ ನ್ಯಾನೊದ್ರವ: ಸರಂಧ್ರ ಮೇಲ್ಮೈಯ ಮೇಲಿನ ಉಷ್ಣ ವರ್ಗಾವಣೆ

ನೀರು, ಎಣ್ಣೆ, ಎಥಿಲೀನ್ ಗ್ಲೈಕಾಲ್‌ನಂಥ ದ್ರವದಲ್ಲಿ 1ರಿಂದ 100 ನ್ಯಾನೊಮೀಟರ್ ಗಾತ್ರದ ಘನಕಣಗಳನ್ನು ತಳಕ್ಕೆ ಕೂರದಂತೆ ಬೆರೆಸಿದರೆ ಸಿಗುವುದು ನ್ಯಾನೊದ್ರವ. ಇಂಥ ದ್ರವ ಸಣ್ಣ ರಂಧ್ರಗಳಿರುವ ಮೇಲ್ಮೈಯ ಮೇಲೆ ಹರಿಯುವಾಗ, ಆ ಹರಿವಿಗೆ ಅಡ್ಡಲಾಗಿ ಕಾಂತಕ್ಷೇತ್ರವೂ ಇದ್ದಾಗ, ಮೇಲ್ಮೈಯಿಂದ ದ್ರವಕ್ಕೆ ಶಾಖ ಎಷ್ಟು ಬೇಗ ದಾಟುತ್ತದೆ ಎಂಬುದನ್ನು ಈ ಅಧ್ಯಯನ ಶಾಖೆ ಲೆಕ್ಕಹಾಕುತ್ತದೆ. ತರಲ ಬಲವಿಜ್ಞಾನ, ವಿದ್ಯುತ್ಕಾಂತ ಸಿದ್ಧಾಂತ ಮತ್ತು ಉಷ್ಣವಿಜ್ಞಾನ ಮೂರೂ ಇಲ್ಲಿ ಒಂದಾಗುತ್ತವೆ. ಎಲೆಕ್ಟ್ರಾನಿಕ್ ಉಪಕರಣಗಳನ್ನು ತಣಿಸುವುದು, ಪ್ಲಾಸ್ಟಿಕ್ ಹಾಳೆ ಎಳೆಯುವುದು, ಸ್ಫಟಿಕ ಬೆಳೆಸುವುದು, ಸೌರಶಾಖ ಸಂಗ್ರಹಿಸುವುದು, ಲೋಹ ಮಸೆಯುವುದು ಮುಂತಾದ ಕೆಲಸಗಳು ಇದಕ್ಕೆ ಪ್ರಶ್ನೆಗಳನ್ನು ಒದಗಿಸುತ್ತವೆ.

ಕರ್ನಾಟಕದ ಗಣಿತಜ್ಞರು ದಶಕಗಳಿಂದ ಈ ವಿಷಯದಲ್ಲಿ ದುಡಿದಿದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬೇರೂರಿದ ತರಲ ಬಲವಿಜ್ಞಾನದ ಪಾಠಪರಂಪರೆ ಇಂದು ನಗರದ ಪಶ್ಚಿಮದಲ್ಲಿ, ಕೆಂಗೇರಿಗೆ ಹತ್ತಿರದ ಜ್ಞಾನಭಾರತಿ ಆವರಣದಲ್ಲಿ ಮುಂದುವರಿದಿದೆ. ಹಾಗಾಗಿ ಈ ಲೇಖನ ವಿಷಯದ ತತ್ತ್ವವನ್ನೂ ಆ ಪರಂಪರೆಯನ್ನೂ ಜೊತೆಯಾಗಿ ನೋಡುತ್ತದೆ.

ಕಾರ್ಖಾನೆಯ ಒಂದು ನೋಟ

ರಾಜಾಜಿನಗರದ ಕೈಗಾರಿಕಾ ಬಡಾವಣೆ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಅಕ್ಕಪಕ್ಕದ ಶೆಡ್ಡುಗಳಲ್ಲಿ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳ ಸದ್ದು ಹೊಸದಲ್ಲ. ಸರ್ಫೇಸ್ ಗ್ರೈಂಡರ್ ಒಂದರ ಮುಂದೆ ನಿಂತು ನೋಡಿ. ಉಕ್ಕಿನ ಬಿಲ್ಲೆಯನ್ನು ಮ್ಯಾಗ್ನೆಟಿಕ್ ಚಕ್ ಹಿಡಿದಿರುತ್ತದೆ. ಮೇಲೆ ತಿರುಗುವ ಗ್ರೈಂಡಿಂಗ್ ವೀಲ್ ಗಟ್ಟಿ ಕಲ್ಲಿನಂತೆ ಕಂಡರೂ ಅದರ ಹರಳುಗಳ ನಡುವೆ ಸಣ್ಣ ಸಣ್ಣ ಸಂದುಗಳಿವೆ. ಹಾಲಿನ ಬಣ್ಣದ ಕೂಲಂಟ್ ನಳಿಗೆಯಿಂದ ಸುರಿಯುತ್ತದೆ, ವೀಲಿನ ಸಂದುಗಳು ಅದನ್ನು ಹೊತ್ತು ಉಜ್ಜುವ ಜಾಗಕ್ಕೆ ತಲುಪಿಸುತ್ತವೆ. ಉಜ್ಜಿದಲ್ಲಿ ಹುಟ್ಟುವ ಶಾಖವನ್ನು ಅದು ಸಕಾಲದಲ್ಲಿ ಒಯ್ಯದಿದ್ದರೆ ಬಿಲ್ಲೆಯ ಮೇಲೆ ನೀಲಿ-ಕಂದು ಸುಟ್ಟ ಗುರುತು ಮೂಡುತ್ತದೆ.

ಕಾಂತ, ರಂಧ್ರ, ತಣಿಸುವ ದ್ರವ ಮೂರೂ ಈ ಒಂದು ಯಂತ್ರದಲ್ಲಿವೆ. ಇಲ್ಲಿನ ಕಾಂತದ ಕೆಲಸ ಬಿಲ್ಲೆಯನ್ನು ಹಿಡಿದಿಡುವುದಷ್ಟೇ, ಕೂಲಂಟಿನ ಹರಿವಿಗೆ ಅದು ಕೈಹಾಕುವುದಿಲ್ಲ. ಆದರೆ ಕೂಲಂಟಿನಲ್ಲಿ ನ್ಯಾನೊಕಣ ಬೆರೆಸಿ ಹನಿಹನಿಯಾಗಿ ಚಿಮ್ಮಿಸುವ ಗ್ರೈಂಡಿಂಗ್ ಪ್ರಯೋಗಗಳು ಜಗತ್ತಿನ ಹಲವೆಡೆ ನಡೆದಿವೆ. ನ್ಯಾನೊದ್ರವದ ಮೇಲೆ ಕಾಂತವೂ ಕೆಲಸ ಮಾಡಿದರೆ, ಅದರ ಅಡಿಯ ಮೇಲ್ಮೈಯೂ ಸರಂಧ್ರವಾಗಿದ್ದರೆ ಏನಾಗುತ್ತದೆ ಎಂಬುದೇ ಈ ಶಾಖೆಯ ಪ್ರಶ್ನೆ.

ಮೂರು ಎಳೆಗಳ ಇತಿಹಾಸ

ಸರಂಧ್ರ ಮಾಧ್ಯಮದ ಎಳೆ ಎಲ್ಲಕ್ಕಿಂತ ಹಳೆಯದು. ಫ್ರಾನ್ಸಿನ ದಿಜೋಂ ಪಟ್ಟಣಕ್ಕೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದ ಎಂಜಿನಿಯರ್ ಹೆನ್ರಿ ಡ್ಯಾರ್ಸಿ, ಮರಳಿನ ಪದರದ ಮೂಲಕ ನೀರು ಇಳಿಯುವ ವೇಗವನ್ನು ಅಳೆದು 1856ರಲ್ಲಿ ತನ್ನ ನಿಯಮವನ್ನು ಪ್ರಕಟಿಸಿದ. ನಮ್ಮ ಅಡುಗೆಮನೆಯ ಕಾಫಿ ಫಿಲ್ಟರ್ ಈ ನಿಯಮವನ್ನು ದಿನವೂ ತೋರಿಸುತ್ತದೆ. ಪುಡಿಯನ್ನು ಒತ್ತಿ ಕೂರಿಸಿದಷ್ಟೂ ಡಿಕಾಕ್ಷನ್ ನಿಧಾನವಾಗಿ ತೊಟ್ಟಿಕ್ಕುತ್ತದೆ, ಏಕೆಂದರೆ ಪುಡಿಯ ಪಾರಗಮ್ಯತೆ ಕುಗ್ಗಿರುತ್ತದೆ. ಮೇಲೆ ನಿಂತ ನೀರಿನ ಒತ್ತಡ ಹೆಚ್ಚಿದರೆ ಹರಿವು ಹೆಚ್ಚು, ದ್ರವ ಮಂದವಾದರೆ ಹರಿವು ಕಡಿಮೆ. ವೇಗ ಹೆಚ್ಚಾದಾಗ ಈ ಸರಳ ಅನುಪಾತ ಸಾಲುವುದಿಲ್ಲವೆಂದು ಫೋರ್ಖೈಮರ್ 1901ರಲ್ಲಿ ತೋರಿಸಿ, ವೇಗದ ವರ್ಗವನ್ನು ಅವಲಂಬಿಸಿದ ಇನ್ನೊಂದು ತಡೆಯನ್ನು ಸೇರಿಸಿದ. 1967ರಲ್ಲಿ ಬೀವರ್ಸ್ ಮತ್ತು ಜೋಸೆಫ್ ಮತ್ತೊಂದು ಮುಖ್ಯ ಸಂಗತಿಯನ್ನು ಪ್ರಯೋಗದಿಂದ ಕಂಡರು. ಗಟ್ಟಿ ಗೋಡೆಗೆ ತಾಗಿದ ದ್ರವ ನಿಶ್ಚಲವಾಗಿರುತ್ತದೆ, ರಂಧ್ರಗಳಿರುವ ಹಾಸಿಗೆ ತಾಗಿದ ದ್ರವವಾದರೋ ಸ್ವಲ್ಪ ಜಾರುತ್ತದೆ.

ಕಾಂತದ ಎಳೆ ಡೆನ್ಮಾರ್ಕಿನದು. ಯೂಲಿಯಸ್ ಹಾರ್ಟ್‌ಮನ್ 1937ರಲ್ಲಿ ಕಾಂತಕ್ಷೇತ್ರದಲ್ಲಿ ಪಾದರಸದ ಹರಿವನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದ. ವಿದ್ಯುತ್ ವಹಿಸುವ ದ್ರವ ಕಾಂತಕ್ಷೇತ್ರವನ್ನು ಅಡ್ಡಹಾಯುವಾಗ ಅದರೊಳಗೆ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹದ ಮೇಲೆ ಕಾಂತ ಬೀರುವ ಬಲವೇ ಲೊರೆಂಟ್ಸ್ ಬಲ, ಅದು ಹರಿವನ್ನು ಹಿಂದಕ್ಕೆ ಎಳೆಯುತ್ತದೆ. ಈ ಬಲ ದ್ರವದ ಸ್ನಿಗ್ಧತೆಯ ತಡೆಗೆ ಹೋಲಿಸಿದರೆ ಎಷ್ಟು ದೊಡ್ಡದು ಎಂದು ಹೇಳುವ ಅಳತೆಗೆ ಹಾರ್ಟ್‌ಮನ್ ಸಂಖ್ಯೆಯೆಂದೇ ಹೆಸರು. ಸ್ವೀಡನ್ನಿನ ಹಾನೆಸ್ ಆಲ್ಫ್ವೆನ್ 1942ರಲ್ಲಿ ಇಂಥ ದ್ರವಗಳಲ್ಲಿ ಹೊಸ ಬಗೆಯ ಅಲೆಗಳಿವೆಯೆಂದು ತೋರಿಸಿದ. ಕಾಂತದ್ರವಗತಿವಿಜ್ಞಾನ, ಅಂದರೆ ತರಗತಿಗಳಲ್ಲಿ ಎಲ್ಲರೂ ಎಂಎಚ್‌ಡಿ ಎನ್ನುವ ಶಾಸ್ತ್ರಕ್ಕಾಗಿ 1970ರ ನೊಬೆಲ್ ಪ್ರಶಸ್ತಿಯಲ್ಲಿ ಆತ ಪಾಲು ಪಡೆದ.

ನ್ಯಾನೊ ಎಳೆ ಮೂರರಲ್ಲಿ ಕಿರಿಯದು, ಆದರೂ ಅದರ ಬೀಜ ಹಳೆಯದು. ದ್ರವದಲ್ಲಿ ಚದುರಿದ ಗೋಲಾಕಾರದ ಕಣಗಳಿಂದ ವಾಹಕತೆ ಎಷ್ಟು ಬದಲಾಗುತ್ತದೆಂಬ ಸೂತ್ರವನ್ನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1873ರಲ್ಲೇ ಕೊಟ್ಟಿದ್ದ. ಕಣಗಳಿಂದ ಸ್ನಿಗ್ಧತೆ ಎಷ್ಟು ಏರುತ್ತದೆಂಬುದಕ್ಕೆ 1906ರಲ್ಲಿ ಐನ್‌ಸ್ಟೈನ್, 1952ರಲ್ಲಿ ಬ್ರಿಂಕ್‌ಮನ್ ಸೂತ್ರ ಒದಗಿಸಿದರು. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್ 1995ರಲ್ಲಿ ನ್ಯಾನೊದ್ರವ ಎಂಬ ಹೆಸರನ್ನು ಬಳಕೆಗೆ ತಂದರು. 2006ರಲ್ಲಿ ಎಂಐಟಿಯ ಜಾಕೊಪೊ ಬುಂಜೊರ್ನೊ, ಕಣವು ದ್ರವದಿಂದ ಬೇರೆಯಾಗಿ ಸರಿಯಲು ಏಳು ಕಾರಣಗಳಿರಬಹುದೆಂದು ಪಟ್ಟಿಮಾಡಿ, ಅವುಗಳಲ್ಲಿ ಬ್ರೌನಿಯನ್ ಚಲನೆ ಮತ್ತು ಉಷ್ಣಸರಣ ಎರಡೇ ಮುಖ್ಯವೆಂದು ತೋರಿಸಿದರು. ಬಿಸಿ ಜಾಗದಿಂದ ತಂಪು ಜಾಗದ ಕಡೆಗೆ ಕಣಗಳು ತಳ್ಳಿಸಿಕೊಂಡು ಹೋಗುವುದೇ ಉಷ್ಣಸರಣ. ಮರುವರ್ಷ ತಿವಾರಿ ಮತ್ತು ದಾಸ್ ಇನ್ನೂ ಸರಳವಾದ ಮಾದರಿಯೊಂದನ್ನು ಮುಂದಿಟ್ಟರು. ಅದರಲ್ಲಿ ಕಣ ಬೆರೆತ ದ್ರವವನ್ನು ಒಂದೇ ದ್ರವವೆಂದು ಎಣಿಸಿ, ಸಾಂದ್ರತೆ, ಸ್ನಿಗ್ಧತೆ, ಉಷ್ಣವಾಹಕತೆಗಳನ್ನು ಮಾತ್ರ ಕಣದ ಪ್ರಮಾಣಕ್ಕೆ ತಕ್ಕಂತೆ ಬದಲಾಯಿಸಲಾಗುತ್ತದೆ. ಇಂದು ಬರುವ ಬಹುಪಾಲು ಪ್ರಬಂಧಗಳು ಈ ಎರಡು ಮಾದರಿಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತವೆ.

ಕಣ ಕೊಡುವುದು, ಕಣ ಕೇಳುವುದು

ಕಣ ನ್ಯಾನೊ ಗಾತ್ರದ್ದೇ ಏಕಾಗಿರಬೇಕು? 50 ಮೈಕ್ರೊಮೀಟರ್ ಅಡ್ಡಳತೆಯ ತಾಮ್ರದ ಕಣವನ್ನು ನೀರಿಗೆ ಬಿಟ್ಟರೆ ಅದು ಸೆಕೆಂಡಿಗೆ ಸುಮಾರು 1 ಸೆಂಟಿಮೀಟರಿನಂತೆ ಮುಳುಗುತ್ತದೆ. ಅದನ್ನೇ ಸಾವಿರ ಪಟ್ಟು ಚಿಕ್ಕದು ಮಾಡಿ 50 ನ್ಯಾನೊಮೀಟರಿಗೆ ತಂದರೆ ಮುಳುಗುವ ವೇಗ ಹತ್ತು ಲಕ್ಷ ಪಟ್ಟು ಇಳಿಯುತ್ತದೆ, ದಿನಕ್ಕೆ 1 ಮಿಲಿಮೀಟರ್ ಇಳಿದರೆ ಹೆಚ್ಚು. ಅಷ್ಟರೊಳಗೆ ನೀರಿನ ಅಣುಗಳ ತಾಡನ ಅದನ್ನು ಮತ್ತೆ ಅತ್ತಿತ್ತ ಅಲೆಸುತ್ತದೆ. ಅಷ್ಟೇ ತೂಕದ ತಾಮ್ರಕ್ಕೆ ದ್ರವದೊಡನೆ ತಾಗುವ ಮೇಲ್ಮೈಯೂ ಸಾವಿರ ಪಟ್ಟು ಹಿಗ್ಗುತ್ತದೆ. ನಳಿಗೆ ಕಟ್ಟಿಕೊಳ್ಳುವ, ಪಂಪು ಸವೆಯುವ ಭಯವೂ ಕಡಿಮೆ. ಆದರೆ ಕಣಗಳು ಒಂದಕ್ಕೊಂದು ಅಂಟಿ ಗಂಟುಕಟ್ಟಿದರೆ ಈ ಲಾಭವೆಲ್ಲ ಕರಗುತ್ತದೆ. ಅದಕ್ಕಾಗಿಯೇ ದ್ರವದ ಆಮ್ಲತೆಯನ್ನು ಹದಗೊಳಿಸುವುದು, ಕಣಕ್ಕೆ ಹೊದಿಕೆ ಹಾಕುವುದು, ಅಲ್ಟ್ರಾಸಾನಿಕ್ ಕಂಪನದಿಂದ ಕಲಕುವುದು ತಯಾರಿಕೆಯ ಭಾಗವಾಗಿವೆ.

ಲಾಭನಷ್ಟದ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ನೀರಿನ ಉಷ್ಣವಾಹಕತೆ ಮೀಟರ್-ಕೆಲ್ವಿನ್ನಿಗೆ ಸುಮಾರು 0.6 ವಾಟ್, ತಾಮ್ರದ್ದು ಸುಮಾರು 400 ವಾಟ್. ನೀರಿಗೆ ಗಾತ್ರದ ಲೆಕ್ಕದಲ್ಲಿ ಶೇ 4ರಷ್ಟು ತಾಮ್ರದ ಕಣ ಬೆರೆಸಿದರೆ, ಮ್ಯಾಕ್ಸ್‌ವೆಲ್ ಸೂತ್ರದಂತೆ ಮಿಶ್ರಣದ ವಾಹಕತೆ ಶೇ 12ರಷ್ಟು ಏರುತ್ತದೆ. ಬ್ರಿಂಕ್‌ಮನ್ ಸೂತ್ರದಂತೆ ಸ್ನಿಗ್ಧತೆಯೂ ಶೇ 11ರಷ್ಟು ಏರುತ್ತದೆ. ತಾಮ್ರ ನೀರಿಗಿಂತ ಏಳುನೂರು ಪಟ್ಟು ಚೆನ್ನಾಗಿ ಶಾಖ ವಹಿಸಿದರೂ ಕಣಗಳ ನಡುವೆ ಉಳಿದ ನೀರನ್ನು ಶಾಖ ದಾಟಲೇಬೇಕು. ಆದ್ದರಿಂದ ಲಾಭ ಬಹುಮಟ್ಟಿಗೆ ಕಣದ ಪ್ರಮಾಣಕ್ಕೆ ಕಟ್ಟುಬಿದ್ದಿದೆ. ಇತ್ತ ಮಂದವಾದ ದ್ರವವನ್ನು ತಳ್ಳಲು ಪಂಪಿಗೆ ಹೆಚ್ಚು ವಿದ್ಯುತ್ ಬೇಕು. ಕಣ ಒಂದು ಕೈಯಲ್ಲಿ ಕೊಟ್ಟದ್ದಕ್ಕೆ ಇನ್ನೊಂದು ಕೈಯಲ್ಲಿ ಬೆಲೆ ಕೇಳುತ್ತದೆ ಎಂಬುದನ್ನು ಮರೆತ ಲೆಕ್ಕ ಪೂರ್ಣವಲ್ಲ. ಹರಿವಿನ ಜಡತ್ವವನ್ನು ಸ್ನಿಗ್ಧತೆಯ ತಡೆಗೆ ಹೋಲಿಸುವ ರೆನಾಲ್ಡ್ಸ್ ಸಂಖ್ಯೆ ಒಂದೇ ಇರಲಿ ಎಂದು ನೀರನ್ನೂ ನ್ಯಾನೊದ್ರವವನ್ನೂ ಹೋಲಿಸಿದರೆ ನ್ಯಾನೊದ್ರವ ಗೆದ್ದಂತೆ ತೋರಬಹುದು. ಏಕೆಂದರೆ ಮಂದ ದ್ರವ ಅದೇ ರೆನಾಲ್ಡ್ಸ್ ಸಂಖ್ಯೆಯನ್ನು ಮುಟ್ಟಬೇಕಾದರೆ ಸಾಮಾನ್ಯವಾಗಿ ಹೆಚ್ಚು ವೇಗವಾಗಿ ಹರಿಯಬೇಕು. ಪಂಪಿನ ಶಕ್ತಿಯನ್ನು ಸಮವಾಗಿಟ್ಟು ಹೋಲಿಸುವುದು ನ್ಯಾಯವಾದ ಕ್ರಮ.

ಕಾಂತ ಮತ್ತು ರಂಧ್ರ

ಕಾಂತಕ್ಷೇತ್ರ ನ್ಯಾನೊದ್ರವದ ಮೇಲೆ ಎರಡು ಬೇರೆ ಬೇರೆ ಹಾದಿಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಮೇಲೆ ಹೇಳಿದ ಲೊರೆಂಟ್ಸ್ ಬಲ, ಇದಕ್ಕೆ ದ್ರವ ವಿದ್ಯುತ್ ವಹಿಸಬೇಕು. ಎರಡನೆಯದು ಕಣಗಳೇ ಕಾಂತಗುಣವುಳ್ಳವಾಗಿರುವ ಸಂದರ್ಭ. ಸುಮಾರು 10 ನ್ಯಾನೊಮೀಟರಿನ ಮ್ಯಾಗ್ನಟೈಟ್ ಕಣಗಳನ್ನು ಎಣ್ಣೆಯಲ್ಲೋ ನೀರಿನಲ್ಲೋ ಹರಡಿದರೆ ಫೆರೋಫ್ಲೂಯಿಡ್ ಸಿಗುತ್ತದೆ. ತೂಕವಿಲ್ಲದ ಬಾಹ್ಯಾಕಾಶದಲ್ಲಿ ಇಂಧನವನ್ನು ಕಾಂತದಿಂದ ಸೆಳೆದುಕೊಳ್ಳಲೆಂದು ನಾಸಾದ ಸ್ಟೀಫನ್ ಪ್ಯಾಪೆಲ್ 1963ರಲ್ಲಿ ಇಂಥ ದ್ರವವನ್ನು ರೂಪಿಸಿದ. ಇಲ್ಲಿ ದ್ರವ ವಿದ್ಯುತ್ ವಹಿಸಬೇಕಾಗಿಲ್ಲ, ಕ್ಷೇತ್ರ ಬಲವಾಗಿರುವ ಕಡೆಗೆ ಕಣಗಳೇ ದ್ರವವನ್ನು ಒಯ್ಯುತ್ತವೆ. ಈ ಎರಡು ಹಾದಿಗಳ ಸಮೀಕರಣಗಳೂ ಬೇರೆ, ಫಲಗಳೂ ಬೇರೆ. ಓದುಗರೂ ಸಂಶೋಧಕರೂ ಇವನ್ನು ಬೆರೆಸಿಕೊಳ್ಳದಿರುವುದು ಮುಖ್ಯ.

ಲೊರೆಂಟ್ಸ್ ಬಲ ಸಾಮಾನ್ಯವಾಗಿ ಹರಿವಿಗೆ ಕಡಿವಾಣ ಹಾಕುತ್ತದೆ. ಹರಿವು ಕುಂಠಿತವಾದಾಗ ಬಿಸಿಯಾದ ದ್ರವ ಮೇಲ್ಮೈಯ ಬಳಿಯೇ ಹೆಚ್ಚು ಹೊತ್ತು ಉಳಿಯುತ್ತದೆ, ಉಷ್ಣದ ಗಡಿಪದರ ದಪ್ಪಗಾಗುತ್ತದೆ, ಶಾಖ ದಾಟುವ ದರ ಇಳಿಯುತ್ತದೆ. ತಣಿಸುವವರಿಗೆ ಇದು ನಷ್ಟ. ಆದರೆ ಕರಗಿದ ಅರೆವಾಹಕದಿಂದ ಸ್ಫಟಿಕ ಬೆಳೆಸುವವರಿಗೆ ಇದೇ ವರ. ಕರಗಿದ ದ್ರವದ ಸುಳಿಗಳು ಶಾಂತವಾದಷ್ಟೂ ಸ್ಫಟಿಕದ ರಚನೆ ಸಮವಾಗುತ್ತದೆ.

ರಂಧ್ರದ ಪಾತ್ರಕ್ಕೂ ಎರಡು ಮುಖಗಳಿವೆ. ದ್ರವ ಹರಿಯುವ ಜಾಗವೇ ಮರಳಿನಂಥ ಮಾಧ್ಯಮದಿಂದ ತುಂಬಿದ್ದರೆ, ಅದರ ತಡೆ ವೇಗಕ್ಕೆ ಅನುಗುಣವಾಗಿರುತ್ತದೆ. ಬದಲಿಗೆ ದ್ರವ ಹರಿಯುವ ಜಾಗ ಖಾಲಿಯಿದ್ದು ಗೋಡೆ ಮಾತ್ರ ಸರಂಧ್ರವಾಗಿದ್ದರೆ, ಆ ರಂಧ್ರಗಳ ಮೂಲಕ ದ್ರವವನ್ನು ಒಳಗೆ ಹೀರಬಹುದು ಅಥವಾ ಹೊರಗೆ ಊದಬಹುದು. ಹೀರಿದರೆ ಗೋಡೆಯ ಬಳಿ ನಿಂತ ಬಿಸಿ ದ್ರವ ತೊಲಗಿ ತಂಪು ದ್ರವ ಹತ್ತಿರ ಬರುತ್ತದೆ, ಶಾಖ ವರ್ಗಾವಣೆ ಏರುತ್ತದೆ. ಊದಿದರೆ ಗೋಡೆಗೂ ಹರಿವಿಗೂ ನಡುವೆ ಹೊದಿಕೆ ಹಾಸಿದಂತಾಗಿ ವರ್ಗಾವಣೆ ಇಳಿಯುತ್ತದೆ. ಗ್ಯಾಸ್ ಟರ್ಬೈನಿನ ಅಲಗುಗಳನ್ನು ಬೆಂಕಿಯಂಥ ಅನಿಲದಿಂದ ಕಾಪಾಡಲು ಸಣ್ಣ ತೂತುಗಳಿಂದ ಗಾಳಿ ಊದುವುದು ಈ ಎರಡನೆಯ ತತ್ತ್ವದಿಂದಲೇ.

ಗಣಿತದ ಚೌಕಟ್ಟು

ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ತೋರಿಸಿದಂತೆ, ಮೇಲ್ಮೈಗೆ ತಾಗಿದ ತೆಳುವಾದ ಪದರದಲ್ಲೇ ದ್ರವದ ವೇಗ ಥಟ್ಟನೆ ಬದಲಾಗುತ್ತದೆ. ತರಗತಿಗಳಲ್ಲಿ ಬೌಂಡರಿ ಲೇಯರ್ ಎನ್ನುವ ಈ ಗಡಿಪದರದಲ್ಲೇ ನಮ್ಮ ವಿಷಯದ ಆಟವೆಲ್ಲ ನಡೆಯುತ್ತದೆ. ಅಧ್ಯಯನಕ್ಕೆ ಎಲ್ಲರೂ ಮೊದಲು ಎತ್ತಿಕೊಳ್ಳುವ ಮಾದರಿ ಹಿಗ್ಗುವ ಹಾಳೆಯದು. ಸೀಳುಬಾಯಿಯಿಂದ ಹೊರಬರುವ ಬಿಸಿ ಪ್ಲಾಸ್ಟಿಕ್ ಹಾಳೆಯನ್ನು ಎಳೆದಂತೆಲ್ಲ ಅದು ಹಿಗ್ಗುತ್ತ, ಸುತ್ತಲ ದ್ರವವನ್ನು ತನ್ನೊಡನೆ ಸೆಳೆಯುತ್ತದೆ. ಹಾಳೆ ಎಷ್ಟು ಬೇಗ ತಣಿಯುತ್ತದೆಂಬುದರ ಮೇಲೆ ಅದರ ಗುಣಮಟ್ಟ ನಿಂತಿದೆ. ಚಲಿಸುವ ಹಾಳೆಯ ಸಮಸ್ಯೆಯನ್ನು ಸಕಿಯಾಡಿಸ್ 1961ರಲ್ಲಿ ಎತ್ತಿದ. ಹಾಳೆಯ ವೇಗ ಸೀಳಿನಿಂದ ಇರುವ ದೂರಕ್ಕೆ ಅನುಗುಣವಾಗಿದ್ದರೆ ಉತ್ತರ ಪೂರ್ಣ ನಿಖರವಾಗಿ ದೊರೆಯುತ್ತದೆಂದು ಕ್ರೇನ್ 1970ರಲ್ಲಿ ತೋರಿಸಿದ. ದ್ರವದ ವೇಗ ಹಾಳೆಯಿಂದ ದೂರ ಹೋದಂತೆ ಘಾತೀಯವಾಗಿ ಇಳಿಯುತ್ತದೆ.

ಕ್ರೇನನ ಉತ್ತರದ ಚೆಲುವು ಕಾಂತ ಮತ್ತು ರಂಧ್ರ ಸೇರಿದ ಮೇಲೂ ಉಳಿಯುತ್ತದೆ. ಕಾಂತದ ತಡೆಗೆ ಒಂದು ಆಯಾಮರಹಿತ ಸಂಖ್ಯೆ, ಸರಂಧ್ರ ಮಾಧ್ಯಮದ ತಡೆಗೆ ಇನ್ನೊಂದು. ಇವೆರಡನ್ನೂ ಒಂದಕ್ಕೆ ಕೂಡಿಸಿ ವರ್ಗಮೂಲ ತೆಗೆದರೆ ವೇಗ ಇಳಿಯುವ ದರವೂ ಹಾಳೆಯ ಮೇಲಿನ ಎಳೆತವೂ ಸಿಗುತ್ತವೆ. ಎರಡೂ ಸೊನ್ನೆಯಾದರೆ ದರ 1. ಕಾಂತ ಸಂಖ್ಯೆ 3 ಇದ್ದು ರಂಧ್ರದ ತಡೆ ಇಲ್ಲದಿದ್ದರೆ ದರ 2: ವೇಗದ ಗಡಿಪದರ ಅರ್ಧಕ್ಕೆ ತೆಳುವಾಗಿ ಎಳೆತ ಇಮ್ಮಡಿಯಾಗುತ್ತದೆ. ಎರಡೂ ಸಂಖ್ಯೆ ಒಂದೂವರೆ ಇದ್ದರೂ ದರ ಅದೇ 2. ಅಂದರೆ ವೇಗದ ನಕ್ಷೆಯೊಂದನ್ನೇ ನೋಡಿ ದ್ರವವನ್ನು ತಡೆದದ್ದು ಕಾಂತವೋ ಮರಳೋ ಎಂದು ಹೇಳಲಾಗದು, ಸಮೀಕರಣದ ಕಣ್ಣಿಗೆ ಎರಡೂ ಒಂದೇ ಬಗೆಯ ತಡೆ. ಹಾಳೆಯೇ ಸರಂಧ್ರವಾಗಿ ದ್ರವವನ್ನು ಹೀರಿದರೆ ಚಿತ್ರ ಬದಲಾಗುತ್ತದೆ. ಕಾಂತ ಸಂಖ್ಯೆ 3 ಇದ್ದಾಗ ಹೀರುವಿಕೆಯ ಅಳತೆ 1 ಆದರೆ ದರ 2.56ಕ್ಕೆ ಏರುತ್ತದೆ, ಅಷ್ಟೇ ಪ್ರಮಾಣದಲ್ಲಿ ಊದಿದರೆ 1.56ಕ್ಕೆ ಇಳಿಯುತ್ತದೆ. ನ್ಯಾನೊಕಣ ಬೆರೆತಾಗ ಇದೇ ಸೂತ್ರದೊಳಗೆ ಸಾಂದ್ರತೆ ಮತ್ತು ಸ್ನಿಗ್ಧತೆಗಳ ಅನುಪಾತಗಳು ಬಂದು ಸೇರುತ್ತವೆ.

ಉಷ್ಣದ ಸಮೀಕರಣಕ್ಕೆ ವಿಕಿರಣ, ಉಷ್ಣಮೂಲ, ರಾಸಾಯನಿಕ ಕ್ರಿಯೆಗಳನ್ನೂ ಸೇರಿಸಿದಾಗ ಇಂಥ ನಿಖರ ಉತ್ತರ ವಿರಳ. ಆಗ ಸಾದೃಶ್ಯ ಪರಿವರ್ತನೆಯಿಂದ ಆಂಶಿಕ ಅವಕಲ ಸಮೀಕರಣಗಳನ್ನು ಸಾಮಾನ್ಯ ಅವಕಲ ಸಮೀಕರಣಗಳಾಗಿ ಮಾಡಿಕೊಂಡು ಗಣಕದಲ್ಲಿ ಬಿಡಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಶೂಟಿಂಗ್ ವಿಧಾನ. ಮೇಲ್ಮೈಯಲ್ಲಿ ತಾಪ ಎಷ್ಟೆಂದು ಗೊತ್ತು, ಅಲ್ಲಿ ಅದರ ಇಳಿಜಾರು ಎಷ್ಟೆಂದು ಗೊತ್ತಿಲ್ಲ. ಒಂದು ಬೆಲೆಯನ್ನು ಊಹಿಸಿ ರುಂಗೆ-ಕುಟ್ಟಾ ಕ್ರಮದಿಂದ ಹೆಜ್ಜೆಹೆಜ್ಜೆಯಾಗಿ ಹೊರಕ್ಕೆ ಸಾಗುತ್ತಾರೆ. ದೂರದಲ್ಲಿ ತಾಪ ಇರಬೇಕಾದ ಬೆಲೆಗೆ ತಲುಪದಿದ್ದರೆ ಊಹೆಯನ್ನು ತಿದ್ದಿ ಮತ್ತೆ ಹೊರಡುತ್ತಾರೆ. ಬಾಣ ಗುರಿಗೆ ತಾಗಿದಾಗ ಕೈಯಲ್ಲುಳಿಯುವ ಇಳಿಜಾರೇ ಬೇಕಿದ್ದ ಉತ್ತರ. ಅದನ್ನು ಉಷ್ಣವಾಹಕತೆಯ ಅನುಪಾತದಿಂದ ಗುಣಿಸಿದರೆ ಶಾಖ ದಾಟುವ ದರವನ್ನು ಸೂಚಿಸುವ ನಸೆಲ್ಟ್ ಸಂಖ್ಯೆ ಸಿಗುತ್ತದೆ. ಕಣ ಹೆಚ್ಚಿದಂತೆ ಇಳಿಜಾರು ಸ್ವಲ್ಪ ಕುಗ್ಗುವುದುಂಟು, ಅನುಪಾತ ಹಿಗ್ಗುತ್ತದೆ. ಎರಡರ ಗುಣಲಬ್ಧವನ್ನು ನೋಡದೆ ಒಂದನ್ನೇ ನೋಡಿ ತೀರ್ಮಾನ ಕೊಡುವುದು ಈ ಶಾಖೆಯ ಸಾಮಾನ್ಯ ತಪ್ಪು.

ಬೆಂಗಳೂರಿನ ಪರಂಪರೆ

ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಸ್ಥಾಪನೆಯಾಯಿತು. 1858ರಷ್ಟು ಹಿಂದೆ ಶಾಲೆಯಾಗಿ ಆರಂಭವಾದ ಸೆಂಟ್ರಲ್ ಕಾಲೇಜು ಅದರ ಆದಿಯ ನೆಲೆಗಳಲ್ಲಿ ಒಂದು. 1970ರ ದಶಕದಲ್ಲಿ ಪಶ್ಚಿಮದ ಜ್ಞಾನಭಾರತಿಯಲ್ಲಿ ವಿಶಾಲ ಆವರಣ ಬೆಳೆದರೂ ಗಣಿತ ವಿಭಾಗ ಬಹುಕಾಲ ಸೆಂಟ್ರಲ್ ಕಾಲೇಜಿನಲ್ಲೇ ಇತ್ತು. ಯುಜಿಸಿ ನೆರವಿನ ತರಲ ಬಲವಿಜ್ಞಾನದ ಉನ್ನತ ಅಧ್ಯಯನ ಕೇಂದ್ರ ಅಲ್ಲಿಯೇ ರೂಪುಗೊಂಡಿತು. 2017ರಲ್ಲಿ ವಿಶ್ವವಿದ್ಯಾಲಯ ಮೂರಾಗಿ, ಸೆಂಟ್ರಲ್ ಕಾಲೇಜು ನಗರ ವಿಶ್ವವಿದ್ಯಾಲಯದ ಪಾಲಾದ ಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಗಣಿತ ವಿಭಾಗದ ವಿಳಾಸ ಜ್ಞಾನಭಾರತಿಯಾಯಿತು. 2021ರಲ್ಲಿ ನೇರಳೆ ಮಾರ್ಗದ ಮೆಟ್ರೊ ಮೈಸೂರು ರಸ್ತೆಯಿಂದ ಕೆಂಗೇರಿಗೆ ಚಾಚಿದಾಗ ಒಂದು ನಿಲ್ದಾಣಕ್ಕೆ ಜ್ಞಾನಭಾರತಿಯ ಹೆಸರೇ ಬಂತು. ವಿಜಯನಗರ, ಬಸವೇಶ್ವರನಗರಗಳ ಕಡೆಯಿಂದ ಬರುವ ವಿದ್ಯಾರ್ಥಿಗೆ ಈ ಆವರಣ ಈಗ ಇನ್ನಷ್ಟು ಹತ್ತಿರ.

ಈ ಪರಂಪರೆಯನ್ನು ಕಟ್ಟಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಪ್ರೊ. ಎನ್. ರುದ್ರಯ್ಯ. ಮುಂದೆ ಗುಲಬರ್ಗಾ ವಿಶ್ವವಿದ್ಯಾಲಯದ ಕುಲಪತಿಯೂ ಆದ ಅವರು ಸರಂಧ್ರ ಮಾಧ್ಯಮ ಮತ್ತು ಎಂಎಚ್‌ಡಿ ಎರಡನ್ನೂ ಒಟ್ಟಿಗೆ ಹಿಡಿದು ಕೆಲಸ ಮಾಡಿದವರು. ಬಿ. ಕೆ. ರಾಮಯ್ಯ ಮತ್ತು ಬಿ. ಎಂ. ರಾಜಶೇಖರ ಅವರೊಡನೆ 1975ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಪಾರಗಮ್ಯ ಹಾಸಿನ ಮೇಲಿನ ಹಾರ್ಟ್‌ಮನ್ ಹರಿವನ್ನು ಕುರಿತದ್ದು. ಈ ಲೇಖನದ ಶೀರ್ಷಿಕೆಯಿಂದ ನ್ಯಾನೊ ಎಂಬ ಮಾತನ್ನು ತೆಗೆದರೆ ಉಳಿಯುವ ವಿಷಯ ಬಹುಪಾಲು ಅದೇ. ನ್ಯಾನೊದ್ರವ ಎಂಬ ಪದ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಕಾಂತ ಮತ್ತು ರಂಧ್ರದ ಜೋಡಿ ಬೆಂಗಳೂರಿನ ಕಪ್ಪುಹಲಗೆಯ ಮೇಲೆ ಬಂದಿತ್ತು.

ಆ ಪದ ಹುಟ್ಟಿದ 1995ರಲ್ಲೇ ರುದ್ರಯ್ಯ, ಆರ್. ಎಂ. ಬ್ಯಾರನ್, ಎಂ. ವೆಂಕಟಾಚಲಪ್ಪ ಮತ್ತು ಸಿ. ಕೆ. ಸುಬ್ಬರಾಯ ಬರೆದ ಇನ್ನೊಂದು ಪ್ರಬಂಧ ಬಂತು. ಆಯತಾಕಾರದ ಪೆಟ್ಟಿಗೆಯೊಳಗೆ ಬಿಸಿಯಿಂದ ತಾನಾಗಿ ಹುಟ್ಟುವ ಸುಳಿಯ ಮೇಲೆ ಕಾಂತಕ್ಷೇತ್ರದ ಪರಿಣಾಮವನ್ನು ಅದು ಲೆಕ್ಕಹಾಕಿತು. ಹಾರ್ಟ್‌ಮನ್ ಸಂಖ್ಯೆ ಏರಿದಂತೆ ಸರಾಸರಿ ನಸೆಲ್ಟ್ ಸಂಖ್ಯೆ ಇಳಿಯುತ್ತದೆಂಬುದು ಅದರ ಫಲಿತಾಂಶ. ಹೊಸ ಗಣಕ ವಿಧಾನವೊಂದನ್ನು ಬರೆದವರು ತಮ್ಮ ಉತ್ತರ ಸರಿಯೇ ಎಂದು ಹೋಲಿಸಿ ನೋಡಲು ಜಗತ್ತಿನ ಹಲವೆಡೆ ಈ ಪ್ರಬಂಧದ ಅಂಕಿಗಳನ್ನು ಬಳಸುತ್ತಾರೆ. ಒಂದು ಕೆಲಸ ಹೀಗೆ ಇತರರ ಲೆಕ್ಕಕ್ಕೆ ಒರೆಗಲ್ಲಾಗುವುದಕ್ಕಿಂತ ದೊಡ್ಡ ಮನ್ನಣೆ ಗಣಿತಜ್ಞನಿಗೆ ಇಲ್ಲ.

ಮುಂದಿನ ಪೀಳಿಗೆಯಲ್ಲಿ ಐ. ಎಸ್. ಶಿವಕುಮಾರ ಸರಂಧ್ರ ಪದರಗಳಲ್ಲಿ ಫೆರೋಫ್ಲೂಯಿಡ್ ಸುಳಿಯುವಿಕೆಯ ಅಧ್ಯಯನವನ್ನು ಬೆಳೆಸಿದರು. ಪಿ. ಜಿ. ಸಿದ್ಧೇಶ್ವರ ಕಾಂತೀಯ ದ್ರವಗಳಿಂದ ನ್ಯಾನೊದ್ರವಗಳವರೆಗೆ ಹಲವು ಸಮಸ್ಯೆಗಳನ್ನು ಕೈಗೆತ್ತಿಕೊಂಡರು. ಯು. ಎಸ್. ಮಹಾಬಲೇಶ್ವರ ಅವರೊಡನೆ 2005ರಲ್ಲಿ ಸಿದ್ಧೇಶ್ವರ ಬರೆದ ಪ್ರಬಂಧ, ಹಿಗ್ಗುವ ಹಾಳೆಯ ಮೇಲೆ ಕಾಂತಕ್ಷೇತ್ರದಲ್ಲಿ ಹರಿಯುವ ಸ್ನಿಗ್ಧ-ಸ್ಥಿತಿಸ್ಥಾಪಕ ದ್ರವದಲ್ಲಿ ವಿಕಿರಣ ಮತ್ತು ಉಷ್ಣಮೂಲದ ಪಾತ್ರವನ್ನು ಬಿಡಿಸಿಟ್ಟಿತು.

ಕರ್ನಾಟಕದ ಇತರ ಕೇಂದ್ರಗಳು

ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ. ಸುಭಾಸ ಅಬೆಲ್ ಹಿಗ್ಗುವ ಹಾಳೆಯ ಸಮಸ್ಯೆಗೆ ಒಂದು ಬಳಗವನ್ನೇ ಕಟ್ಟಿದರು. ಸರಂಧ್ರ ಮಾಧ್ಯಮದಲ್ಲಿ ಇಂಥ ಹಾಳೆಯ ಮೇಲಿನ ಹರಿವು ಮತ್ತು ಶಾಖದ ಕುರಿತು ಪಿ. ವೀಣಾ ಅವರೊಡನೆ ಅವರು ಬರೆದ ಪ್ರಬಂಧ 1998ರದು. ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಹಾದಿ ಸ್ವಲ್ಪ ಬೇರೆ. ಸಿ. ಎಸ್. ಬಾಗೇವಾಡಿ ಮತ್ತು ಬಿ. ಜೆ. ಗಿರೀಶ ಅಲ್ಲಿ ಧೂಳು ಬೆರೆತ ದ್ರವಗಳ ಅಧ್ಯಯನದಲ್ಲಿ ತೊಡಗಿದ್ದರು. ದ್ರವಕ್ಕೊಂದು, ಅದರಲ್ಲಿ ತೇಲುವ ಕಣಕ್ಕೊಂದು ಎಂದು ಎರಡು ಸಮೀಕರಣ ಬರೆಯುವ ಆ ಅಭ್ಯಾಸವೇ ನ್ಯಾನೊದ್ರವಕ್ಕೆ ಸಹಜ ಮೆಟ್ಟಿಲಾಯಿತು. ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಮಹಾಬಲೇಶ್ವರ ಮತ್ತು ಬಿ. ಸಿ. ಪ್ರಸನ್ನಕುಮಾರ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಕೆ. ವಿ. ಪ್ರಸಾದ್ ಈ ಕೆಲಸವನ್ನು ಮುಂದುವರಿಸಿದವರು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳ ಗಣಿತ ವಿಭಾಗಗಳಿಗೂ ಸಂಶೋಧನೆಯ ಬಾಗಿಲು ತೆರೆಯಿತು.

ವಾದ ಮತ್ತು ಒರೆಗಲ್ಲು

ನ್ಯಾನೊದ್ರವಗಳ ಚರಿತ್ರೆಯಲ್ಲಿ ಉತ್ಸಾಹಕ್ಕೆ ಅಳತೆ ತಿದ್ದುಪಡಿ ತಂದ ಪ್ರಸಂಗವೊಂದಿದೆ. ಎಥಿಲೀನ್ ಗ್ಲೈಕಾಲ್‌ಗೆ ಶೇ 0.3ರಷ್ಟು ತಾಮ್ರದ ನ್ಯಾನೊಕಣ ಬೆರೆಸಿದಾಗ ಉಷ್ಣವಾಹಕತೆ ಶೇ 40ರವರೆಗೆ ಏರಿತೆಂದು 2001ರಲ್ಲಿ ಆರ್ಗಾನ್ ತಂಡ ವರದಿ ಮಾಡಿತು. ಮ್ಯಾಕ್ಸ್‌ವೆಲ್ ಸೂತ್ರ ಹೇಳುವುದು ಶೇ 1ರಷ್ಟು ಮಾತ್ರ. ಜಗತ್ತಿನ 30ಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಬಗೆಯ ಮಾದರಿಗಳನ್ನು ಹಂಚಿಕೊಂಡು ಅಳೆದ ಫಲಿತಾಂಶ 2009ರಲ್ಲಿ ಹೊರಬಂತು. ಪರೀಕ್ಷಿಸಿದ ದ್ರವಗಳಲ್ಲಿ ಅಚ್ಚರಿಯ ಏರಿಕೆ ಕಾಣಲಿಲ್ಲ, ಅಂಕಿಗಳು ಮ್ಯಾಕ್ಸ್‌ವೆಲ್ ಬಗೆಯ ಸಿದ್ಧಾಂತಕ್ಕೆ ಹೊಂದಿದವು. ಆದರೆ ಕಾಂತಗುಣವಿರುವ ಕಣಗಳ ಕಥೆ ಬೇರೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದಲ್ಲಿ ಜಾನ್ ಫಿಲಿಪ್ ಮತ್ತು ಜೊತೆಗಾರರು 2007ರಲ್ಲಿ ಮ್ಯಾಗ್ನಟೈಟ್ ನ್ಯಾನೊದ್ರವವನ್ನು ಕಾಂತಕ್ಷೇತ್ರದಲ್ಲಿಟ್ಟು ಅಳೆದಾಗ ವಾಹಕತೆ ಶೇ 300ರವರೆಗೆ ಏರಿದ್ದು ಕಂಡಿತು. ಕ್ಷೇತ್ರದ ದಿಕ್ಕಿನಲ್ಲಿ ಕಣಗಳು ಸರಪಳಿಯಾಗಿ ಸಾಲುಗಟ್ಟಿ ಶಾಖಕ್ಕೆ ಹಾದಿ ಮಾಡಿಕೊಟ್ಟದ್ದು ಅದಕ್ಕೆ ಕಾರಣ.

ಕಾಂತ ಸಂಖ್ಯೆಯ ಬೆಲೆಗಳನ್ನೂ ಇದೇ ಒರೆಗಲ್ಲಿಗೆ ಉಜ್ಜಬೇಕು. ಸೆಕೆಂಡಿಗೆ ಒಂದರ ದರದಲ್ಲಿ ಹಿಗ್ಗುವ ಹಾಳೆ, 1 ಟೆಸ್ಲಾ ಕ್ಷೇತ್ರ ಎಂದಿಟ್ಟುಕೊಳ್ಳಿ. ದ್ರವ ಪಾದರಸವಾದರೆ ಕಾಂತ ಸಂಖ್ಯೆ 75ರ ಆಸುಪಾಸು ಬರುತ್ತದೆ. ಸಮುದ್ರದ ನೀರಾದರೆ 0.005, ನಲ್ಲಿ ನೀರಿಗೆ ಅದರ ನೂರರಲ್ಲೊಂದು ಪಾಲಿನಷ್ಟು. ಶೇ 4ರಷ್ಟು ತಾಮ್ರ ಬೆರೆಸಿದರೂ ಮ್ಯಾಕ್ಸ್‌ವೆಲ್ ಸೂತ್ರದ ಪ್ರಕಾರ ವಿದ್ಯುದ್ವಾಹಕತೆ ಏರುವುದು ಅದೇ ಶೇ 12. ಆದ್ದರಿಂದ ತಾಮ್ರ-ನೀರಿನ ಹರಿವಿಗೆ ಕಾಂತ ಸಂಖ್ಯೆ 1, 3, 5 ಎಂದು ಬೆಲೆ ಕೊಟ್ಟು ನಕ್ಷೆ ಬರೆಯುವವರು ಆ ಬೆಲೆಗೆ ಬೇಕಾದ ಕ್ಷೇತ್ರ ಎಷ್ಟು, ದ್ರವ ಯಾವುದು ಎಂದು ಜೊತೆಯಲ್ಲೇ ಹೇಳಬೇಕು. ದ್ರವಲೋಹ, ಕರಗಿದ ಅರೆವಾಹಕಗಳಿಗೆ ಈ ಗಣಿತ ನೇರವಾಗಿ ಅನ್ವಯಿಸುತ್ತದೆ. ನೀರು, ಎಣ್ಣೆಗಳ ಮಟ್ಟಿಗೆ ಕಾಂತದ ನಿಜವಾದ ಹಿಡಿತವಿರುವುದು ಫೆರೋಫ್ಲೂಯಿಡ್ ಹಾದಿಯಲ್ಲಿ.

ಬಳಕೆ ಮತ್ತು ಮುಂದಿನ ದಾರಿ

ಧ್ವನಿವರ್ಧಕಗಳ ಸುರುಳಿಯನ್ನು ತಣಿಸಲು, ತಿರುಗುವ ಅಚ್ಚುಗಳ ಸುತ್ತ ಸೋರಿಕೆ ತಡೆಯಲು ಫೆರೋಫ್ಲೂಯಿಡ್ ಈಗಾಗಲೇ ಬಳಕೆಯಲ್ಲಿದೆ. ಕಾಂತೀಯ ನ್ಯಾನೊಕಣಗಳನ್ನು ಗೆಡ್ಡೆಯೊಳಗೆ ಸೇರಿಸಿ ಪರ್ಯಾಯ ಕಾಂತಕ್ಷೇತ್ರದಿಂದ ಬಿಸಿಮಾಡುವ ಕ್ಯಾನ್ಸರ್ ಚಿಕಿತ್ಸೆಗೂ ಇದೇ ಶಾಸ್ತ್ರದ ಸಮೀಕರಣಗಳು ಬೇಕು. ಅಂಗಾಂಶ ಸರಂಧ್ರ ಮಾಧ್ಯಮವಲ್ಲವೆ? ಸಮ್ಮಿಳನ ರಿಯಾಕ್ಟರಿನ ಸುತ್ತ ಹರಿಯಬೇಕಾದ ದ್ರವಲೋಹ, ಸೌರ ಸಂಗ್ರಾಹಕಗಳ ಲೋಹದ ನೊರೆ, ಟ್ರಾನ್ಸ್‌ಫಾರ್ಮರ್ ಎಣ್ಣೆ ಮುಂತಾದವು ಸಂಶೋಧನೆ ನಡೆದಿರುವ ಇತರ ಕ್ಷೇತ್ರಗಳು.

ಕರ್ನಾಟಕದ ಕೊಡುಗೆ ಇದುವರೆಗೆ ಮುಖ್ಯವಾಗಿ ಗಣಿತದ್ದು, ಅದು ಗಟ್ಟಿಯಾದ ಕೊಡುಗೆ. ಆದರೆ ಕಣ, ಕಾಂತ, ರಂಧ್ರ ಮೂರೂ ಸೇರಿದಾಗ ಲಾಭವೆಷ್ಟು ಎಂಬ ಪ್ರಶ್ನೆಗೆ ಕೊನೆಯ ಉತ್ತರ ಅಳತೆಯಿಂದಲೇ ಬರಬೇಕು. ಕಣ ಶಾಖಕ್ಕೆ ಹಾದಿ ಮಾಡಿ ಪಂಪಿನ ಮೇಲೆ ಹೊರೆ ಹಾಕುತ್ತದೆ, ಲೊರೆಂಟ್ಸ್ ಬಲ ಸುಳಿಯನ್ನು ಶಾಂತಗೊಳಿಸಿ ಶಾಖವನ್ನು ಹಿಡಿದಿಡುತ್ತದೆ, ರಂಧ್ರ ಹೀರಿದರೆ ತಣಿಸುತ್ತದೆ, ಊದಿದರೆ ಕಾಯುತ್ತದೆ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ಸಮೀಕರಣ ಬರೆಯುವವರೂ ಯಂತ್ರ ನಡೆಸುವವರೂ ಜೊತೆಯಾಗಿ ನಿಲ್ಲಬೇಕು. ಸಮೀಕರಣ ಬಲ್ಲವರು ಜ್ಞಾನಭಾರತಿಯಲ್ಲಿದ್ದಾರೆ. ಸುಟ್ಟ ಗುರುತಿಲ್ಲದೆ ಬಿಲ್ಲೆ ಮಸೆಯಲು ದಿನವೂ ಕೂಲಂಟಿನ ಹದ ನೋಡುವ ಕೈಗಳು ಕಾಮಾಕ್ಷಿಪಾಳ್ಯದಲ್ಲಿವೆ. ಇವೆರಡರ ನಡುವಿನ ದೂರ ಕೆಲವೇ ಕಿಲೋಮೀಟರ್.